ಜಗಳ ನೀರಿಗೋ, ಹೂವಿಗೋ?

ಫೆಬ್ರವರಿ ಮುಗಿಯುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ ಕಡೆಯ ಹಳ್ಳಗಳು ಸೊರಗಿರುತ್ತವೆ. ಅದೇ ಹೊತ್ತಿಗೆ ರೊಬಸ್ಟಾ ಕಾಫಿ ಗಿಡಗಳು ಮೊಗ್ಗು ಹೊತ್ತು ನೀರಿಗಾಗಿ ಕಾಯುತ್ತಿರುತ್ತವೆ. ಹೂಮಳೆ ಬಂದರೆ ಸರಿ. ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಒಂದರಿಂದ ಒಂದೂವರೆ ಅಂಗುಲದಷ್ಟು ನೀರು ಕೊಡಬೇಕು. ಕೊಟ್ಟ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅದಾದ ಮೇಲೆ ಕಾಯಿ ನಿಲ್ಲಲು ಮತ್ತೊಂದು ಸುತ್ತು ನೀರು ಬೇಕು. ಬೆಳೆಗಾರರು ಇದಕ್ಕೆ ‘ಬ್ಯಾಕಿಂಗ್’ ಎನ್ನುತ್ತಾರೆ. ಎರಡು ಸುತ್ತಿನ ನಡುವೆ ಹದಿನೈದು, ಇಪ್ಪತ್ತು ದಿನಗಳ ಅಂತರ. ವರ್ಷದ ಫಸಲು ನಿಂತಿರುವುದು ಈ ಕೆಲವು ವಾರಗಳ ಮೇಲೆ. ಹಾಗಾಗಿ ನಮ್ಮ ಕಡೆ ನೆರೆಹೊರೆಯ ಜಗಳಕ್ಕೂ ಒಂದು ಹಂಗಾಮಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲ್ಪಿತವೇ, ಆದರೆ ಈ ಭಾಗದವರಿಗೆ ಹೊಸದೇನಲ್ಲ. ಒಂದೇ ಹಳ್ಳದ ಮೇಲೆ ಎರಡು ತೋಟ. ಮೇಲಿನ ತೋಟದವರದು ಡೀಸೆಲ್ ಎಂಜಿನ್. ಕೆಳಗಿನ ತೋಟದವರದು ಕರೆಂಟಿನ ಮೋಟಾರು. ಅದು ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಕೆಲವೇ ಗಂಟೆ. ಒಂದು ರಾತ್ರಿ ಕೆಳಗಿನವರ ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ನೀರಿನಿಂದ ಮೇಲೆ ಕಾಣಿಸಿಕೊಂಡು ಮೋಟಾರು ಬರೀ ಗಾಳಿ ಎಳೆಯಿತು. ಬೆಳಗಾದದ್ದೇ ತಡ, ಅವರು ಹಳ್ಳದ ದಂಡೆ ಹತ್ತಿ ಬಂದರು.

“ಗೌಡರೇ, ರಾತ್ರಿಯೆಲ್ಲ ಎಂಜಿನ್ ಓಡಿಸಿದ್ದೀರಲ್ಲ, ಕೆಳಗಿನವರು ಏನು ಮಾಡಬೇಕು?”

“ನಮ್ಮ ತೋಟದ ಮುಂದೆ ಹರಿಯುವ ಹಳ್ಳದಲ್ಲಿ ನಾವು ನೀರೆತ್ತಬಾರದೇ?”

“ಎತ್ತಿ, ಬೇಡ ಎಂದವರು ಯಾರು? ಹಗಲು ಹೊತ್ತು ಎತ್ತಿ. ಕಳ್ಳರ ಹಾಗೆ ರಾತ್ರಿ ಯಾಕೆ?”

“ಯಾರನ್ನೋ ಕಳ್ಳ ಎಂದಿದ್ದು ನೀನು?”

ಮೂರೇ ಮಾತಿನಲ್ಲಿ ನೀರು ಪಕ್ಕಕ್ಕೆ ಹೋಯಿತು, ಮರ್ಯಾದೆ ನಡುವೆ ಬಂದು ಕೂತಿತು. (ನಿಜ ಹೇಳಬೇಕೆಂದರೆ ಹಳ್ಳ ಇಬ್ಬರದ್ದೂ ಅಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹೊಳೆ, ಹಳ್ಳ, ತೊರೆಗಳೆಲ್ಲ ಸರ್ಕಾರದ್ದು. ಆದರೆ ಜಗಳದ ಬಿಸಿಯಲ್ಲಿ ಇದನ್ನು ನೆನಪಿಸಿದವನು ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ.)

ಸಂವಹನ, ಮನೋವಿಜ್ಞಾನ, ಆಡಳಿತಶಾಸ್ತ್ರದವರು ನೂರು ವರ್ಷಗಳಿಂದ ಇಂಥ ಜಗಳಗಳನ್ನು ಬಿಡಿಸಿ ನೋಡುತ್ತಾ ಬಂದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಕೆಲವು ಪರಿಕಲ್ಪನೆಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಈ ಹಳ್ಳದ ದಂಡೆಯಲ್ಲೇ ನಿಂತು ಅವನ್ನು ನೋಡಬಹುದು.

ಯಾವುದು ಜಗಳ, ಯಾವುದು ಅಲ್ಲ

ಭಿನ್ನಾಭಿಪ್ರಾಯವೆಲ್ಲ ಜಗಳವಲ್ಲ. ಬೇಲೂರಿನ ಚೆನ್ನಕೇಶವ ಗುಡಿ ಚೆಂದವೋ ಹಳೇಬೀಡಿನ ಹೊಯ್ಸಳೇಶ್ವರ ಚೆಂದವೋ ಎಂದು ಹಾಸನದ ಇಬ್ಬರು ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ವಾದಿಸಬಹುದು. ಇಳಿದ ಮೇಲೆ ಯಾರಿಗೂ ಏನೂ ಆಗುವುದಿಲ್ಲ. ಅಮೆರಿಕದ ಸಂವಹನ ತಜ್ಞರಾದ ಜಾಯ್ಸ್ ಹಾಕರ್ ಮತ್ತು ವಿಲಿಯಂ ವಿಲ್ಮಟ್ ಕೊಟ್ಟ ವ್ಯಾಖ್ಯೆಯ ಪ್ರಕಾರ ಸಂಘರ್ಷ ಆಗಬೇಕಾದರೆ ಕೆಲವು ಅಂಶಗಳು ಕೂಡಬೇಕು. ಇಬ್ಬರೂ ಒಬ್ಬರನ್ನೊಬ್ಬರು ಅವಲಂಬಿಸಿರಬೇಕು. ತಮ್ಮ ಗುರಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದೋ, ಇರುವುದು ಇಬ್ಬರಿಗೆ ಸಾಲದೆಂದೋ, ಎದುರಿನವರು ಅಡ್ಡಗಾಲು ಹಾಕುತ್ತಿದ್ದಾರೆಂದೋ ಅವರಿಗೆ ಅನ್ನಿಸಬೇಕು. ಅದು ಮಾತಿನಲ್ಲೋ ನಡತೆಯಲ್ಲೋ ಹೊರಗೆ ಬರಬೇಕು.

ಇಲ್ಲಿ ಎರಡು ಅಂಶ ಮುಖ್ಯ. ಒಂದು, ಅವಲಂಬನೆ. ಸಂಬಂಧವೇ ಇಲ್ಲದವರೊಡನೆ ಜಗಳ ಹೆಚ್ಚು ಕಾಲ ನಡೆಯುವುದಿಲ್ಲ. ಹಳ್ಳ, ದಾರಿ, ಆಳು, ಕರೆಂಟಿನ ಟ್ರಾನ್ಸ್‌ಫಾರ್ಮರ್ ಎಲ್ಲವೂ ಎರಡು ತೋಟಕ್ಕೂ ಬೇಕು. ರೊಬಸ್ಟಾ ಗಿಡವಂತೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಅದನ್ನು ತರುವ ಗಾಳಿಗೂ ಜೇನಿಗೂ ಬೇಲಿ ಲೆಕ್ಕಕ್ಕಿಲ್ಲ. ಇನ್ನೊಂದು, ‘ಅನ್ನಿಸುವುದು’. ಗುರಿಗಳು ನಿಜಕ್ಕೂ ಹೊಂದುವುದಿಲ್ಲವೋ ಅಥವಾ ಹಾಗೆ ಕಾಣುತ್ತಿವೆಯೋ ಎಂಬುದನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಲೂಯಿಸ್ ಪಾಂಡಿ ಎಂಬ ವಿದ್ವಾಂಸ 1967ರಲ್ಲಿ ಸಂಘರ್ಷವನ್ನು ಹಂತಗಳಾಗಿ ಬಿಡಿಸಿದರು. ಮೊದಲು ಅದು ಒಳಗೇ ಹುದುಗಿರುತ್ತದೆ, ಆಮೇಲೆ ಅರಿವಿಗೆ ಬರುತ್ತದೆ, ಮನಸ್ಸಿಗೆ ನಾಟುತ್ತದೆ, ಹೊರಗೆ ಸಿಡಿಯುತ್ತದೆ, ಕೊನೆಗೆ ಒಂದು ಶೇಷ ಉಳಿಯುತ್ತದೆ. ಆ ಶೇಷವೇ ಮುಂದಿನ ಜಗಳದ ಬೀಜ. ನಮ್ಮ ಉದಾಹರಣೆಯ ಇಬ್ಬರ ನಡುವೆಯೂ ಮೂರು ವರ್ಷದ ಕೆಳಗೆ ಗಡಿಯ ಸಿಲ್ವರ್ ಓಕ್ ಮರದ ಮಾತು ಬಂದಿತ್ತು ಎಂದುಕೊಳ್ಳಿ. ಮರಗಸಿ (ನೆರಳುಮರದ ಕೊಂಬೆ ಸವರುವುದು) ಮಾಡುವಾಗ ಕೊಂಬೆ ಆಚೆ ಬಿದ್ದು ಮೆಣಸಿನ ಬಳ್ಳಿ ಹಾಳಾಗಿತ್ತು. ಆಗ ಯಾರೂ ಏನೂ ಅನ್ನಲಿಲ್ಲ. ‘ಕಳ್ಳರ ಹಾಗೆ’ ಎಂಬ ಮಾತು ಬಂದದ್ದು ಆ ಬಳ್ಳಿಯಿಂದ, ಹಳ್ಳದಿಂದಲ್ಲ.

ಅವನದು ಗುಣ, ನನ್ನದು ಪರಿಸ್ಥಿತಿ

ಮೇಲಿನ ತೋಟದವರು ರಾತ್ರಿ ಎಂಜಿನ್ ಓಡಿಸಿದ್ದು ಏಕೆ? ರಾತ್ರಿ ಗಾಳಿ ಕಡಿಮೆ. ಹಗಲು ಗಾಳಿಗೆ ಸ್ಪ್ರಿಂಕ್ಲರ್ ನೀರು ಒಂದು ಪಕ್ಕಕ್ಕೆ ಹಾರಿ ಗಿಡಕ್ಕೆ ಸಮನಾಗಿ ಬೀಳುವುದಿಲ್ಲ, ಬಿಸಿಲಿಗೆ ಒಂದಿಷ್ಟು ಆರಿಯೂ ಹೋಗುತ್ತದೆ. ಇದು ಅವರಿಗೆ ಎಷ್ಟು ಸಹಜವೆಂದರೆ ಹೇಳಬೇಕೆಂದೂ ಹೊಳೆಯಲಿಲ್ಲ. ಕೆಳಗಿನವರಿಗೆ ಕಂಡದ್ದು ಮಾತ್ರ ಬೇರೆ: ಯಾರೂ ನೋಡದ ಹೊತ್ತು ನೋಡಿ ನೀರು ಎತ್ತಿದ್ದಾರೆ.

ನಾವು ಮಾಡಿದ ಕೆಲಸಕ್ಕೆ ಪರಿಸ್ಥಿತಿ ಕಾರಣ, ಇನ್ನೊಬ್ಬರು ಮಾಡಿದ್ದಕ್ಕೆ ಅವರ ಸ್ವಭಾವ ಕಾರಣ ಎಂದು ಲೆಕ್ಕ ಹಾಕುವ ಚಾಳಿ ಎಲ್ಲರಿಗೂ ಇದೆ. ಇತರರ ನಡತೆಯಲ್ಲಿ ಪರಿಸ್ಥಿತಿಯ ಪಾಲನ್ನು ಕಡೆಗಣಿಸಿ ಗುಣವನ್ನೇ ಹುಡುಕುವ ಈ ತಪ್ಪಿಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣಾ ದೋಷ’ ಎಂದು ಹೆಸರಿಟ್ಟರು. ಹೆಸರು ಭಾರಿಯಾಗಿದೆ, ವಿಷಯ ಮನೆಮನೆಯದು. ನಾನು ತಡವಾಗಿ ಬಂದರೆ ಚಾರ್ಮಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿತ್ತು. ನೀವು ತಡವಾಗಿ ಬಂದರೆ ನಿಮಗೆ ಹೊತ್ತಿನ ಬೆಲೆ ಗೊತ್ತಿಲ್ಲ.

ಈ ದೋಷದಿಂದ ಆಗುವ ದೊಡ್ಡ ಅಪಾಯವೆಂದರೆ ಪರಿಹಾರದ ದಾರಿಯೇ ಮುಚ್ಚಿಹೋಗುವುದು. ಪರಿಸ್ಥಿತಿಯನ್ನು ಬದಲಿಸಬಹುದು, ಗುಣವನ್ನು ಬದಲಿಸುವುದು ಹೇಗೆ? ನೆರೆಯವರು ಕಳ್ಳರು ಎಂದು ತೀರ್ಮಾನಿಸಿದ ಮೇಲೆ ಅವರೊಡನೆ ಹೊತ್ತು ಹೊಂದಿಸಿಕೊಳ್ಳುವ ಮಾತೇ ಏಳುವುದಿಲ್ಲ.

ಕೇಳುವುದೊಂದು, ಬೇಕಿರುವುದೊಂದು

ಇಡೀ ವಿಷಯದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನು. ಜಗಳದಲ್ಲಿ ಜನ ಬಾಯಿಬಿಟ್ಟು ಹೇಳುವುದು ತಮ್ಮ ಪಟ್ಟು. ಅದರ ಹಿಂದೆ ಇರುವುದು ಅಗತ್ಯ. ‘ರಾತ್ರಿ ಎಂಜಿನ್ ನಿಲ್ಲಿಸಿ’ ಎಂಬುದು ಪಟ್ಟು. ‘ತ್ರೀ ಫೇಸ್ ಇರುವ ಆ ಕೆಲವು ಗಂಟೆ ನನ್ನ ಮೋಟಾರಿಗೆ ನೀರು ಸಿಗಬೇಕು’ ಎಂಬುದು ಅಗತ್ಯ. ಪಟ್ಟುಗಳು ಡಿಕ್ಕಿ ಹೊಡೆಯುತ್ತವೆ. ಅಗತ್ಯಗಳು ಬಹಳ ಸಲ ಒಂದರ ಪಕ್ಕದಲ್ಲಿ ಒಂದು ಹಾಯಾಗಿ ಹೋಗಬಲ್ಲವು.

ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಅಮೆರಿಕದ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ಒಬ್ಬರು. 1925ರ ಒಂದು ಉಪನ್ಯಾಸದಲ್ಲಿ ಅವರು ಹಾರ್ವರ್ಡ್ ಗ್ರಂಥಾಲಯದ ಒಂದು ಪ್ರಸಂಗ ಹೇಳಿದರು. ಚಿಕ್ಕ ಕೋಣೆಯಲ್ಲಿ ಇನ್ನೊಬ್ಬರಿಗೆ ಕಿಟಕಿ ತೆರೆಯಬೇಕಿತ್ತು, ಇವರಿಗೆ ಮುಚ್ಚಬೇಕಿತ್ತು. ಯಾರೂ ಕೂರದ ಪಕ್ಕದ ಕೋಣೆಯ ಕಿಟಕಿ ತೆರೆದರು, ಮುಗಿಯಿತು. ಫಾಲೆಟ್ ಅವರಿಗೆ ಬೇಕಿದ್ದದ್ದು ಮುಚ್ಚಿದ ಕೋಣೆಯಲ್ಲ. ಬಡಗಣ ಗಾಳಿ ನೇರ ಮೈಗೆ ಬಡಿಯದಿದ್ದರೆ ಸಾಕಿತ್ತು. ಒಬ್ಬರು ಗೆಲ್ಲುವುದು, ಇಬ್ಬರೂ ಅರ್ಧ ಬಿಟ್ಟುಕೊಡುವುದು ಎಂಬ ಎರಡನ್ನೂ ಮೀರಿದ ಈ ಮೂರನೆಯ ದಾರಿಯನ್ನು ಫಾಲೆಟ್ ಏಕೀಕರಣ ಎಂದರು. ಹಾರ್ವರ್ಡ್‌ನವರೇ ಆದ ರೋಜರ್ ಫಿಷರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಪಟ್ಟು ಮತ್ತು ಅಗತ್ಯದ ಈ ವ್ಯತ್ಯಾಸವನ್ನು ಸಂಧಾನದ ಮೂಲಪಾಠವನ್ನಾಗಿ ಮಾಡಿದರು.

ಹಳ್ಳಕ್ಕೆ ಬರೋಣ. ಅರ್ಧರ್ಧ ಹಂಚುವುದು ನ್ಯಾಯವಾಗಿ ಕಾಣುತ್ತದೆ. ಇಬ್ಬರೂ ಒಟ್ಟಿಗೆ ಅರ್ಧ ವೇಗದಲ್ಲಿ ಎತ್ತಿದರೆ ಇಬ್ಬರ ಗಿಡಕ್ಕೂ ಅರೆಬರೆ ನೀರು ಬೀಳುತ್ತದೆ. ಅರೆಬರೆ ನೀರಿಗೆ ರೊಬಸ್ಟಾ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಅಂದರೆ ನ್ಯಾಯವಾಗಿ ಹಂಚಿಕೊಂಡು ಇಬ್ಬರೂ ಫಸಲು ಕಳೆದುಕೊಂಡ ಹಾಗಾಯಿತು.

ಈಗ ಅಗತ್ಯಗಳನ್ನು ಪಕ್ಕಪಕ್ಕ ಇಡಿ. ಮೇಲಿನವರಿಗೆ ಬೇಕಿರುವುದು ಗಾಳಿಯಿಲ್ಲದ ಹೊತ್ತು. ಅದು ರಾತ್ರಿಯೇ ಆಗಬೇಕೆಂದಿಲ್ಲ, ನಸುಕಿನಿಂದ ಬಿಸಿಲೇರುವವರೆಗೂ ಗಾಳಿ ಕಡಿಮೆಯೇ. ಡೀಸೆಲ್ ಎಂಜಿನ್ನಿಗೆ ಕರೆಂಟಿನ ಹಂಗಿಲ್ಲ. ಕೆಳಗಿನವರಿಗೆ ರಾತ್ರಿ ಬಿಟ್ಟರೆ ಗತಿಯಿಲ್ಲ. ಹಾಗಾದರೆ ತ್ರೀ ಫೇಸ್ ಇರುವಷ್ಟು ಹೊತ್ತು ಎಂಜಿನ್ ಸುಮ್ಮನಿರಲಿ, ಕರೆಂಟ್ ಹೋದ ಕೂಡಲೇ ಅದು ಶುರುವಾಗಲಿ. ಇನ್ನೊಂದು ಅನುಕೂಲವೂ ಇದೆ. ಹೂವಿನ ನೀರು ಕೊಟ್ಟ ಬ್ಲಾಕಿಗೆ (ತೋಟದ ಭಾಗಕ್ಕೆ) ಹೂ ಅರಳಿ ಮುಗಿಯುವ ತನಕ ನೀರು ಹಾಯಿಸುವಂತಿಲ್ಲ, ಅರಳಿದ ಹೂವಿನ ಮೇಲೆ ನೀರು ಬಿದ್ದರೆ ಪರಾಗ ತೊಳೆದುಹೋಗುತ್ತದೆ. ಬ್ಲಾಕುಗಳ ಸರದಿಯನ್ನು ಇಬ್ಬರೂ ಕೂತು ಹೊಂದಿಸಿದರೆ ಒಬ್ಬರು ಕಾಯುವ ದಿನಗಳಲ್ಲಿ ಇನ್ನೊಬ್ಬರ ಕೆಲಸ ನಡೆಯುತ್ತದೆ. ಹಳ್ಳದಲ್ಲಿ ಒಂದು ಬಿಂದಿಗೆ ನೀರೂ ಹೆಚ್ಚಾಗಲಿಲ್ಲ, ಆದರೂ ಸಾಕಾಯಿತು.

ಎಲ್ಲ ಜಗಳಕ್ಕೂ ಹೀಗೆ ಅಚ್ಚುಕಟ್ಟಾದ ಪರಿಹಾರ ಸಿಗುವುದಿಲ್ಲ. ಆದರೆ ಹುಡುಕದೆ ಸಿಗುವುದಿಲ್ಲವೆಂಬುದಂತೂ ಖಚಿತ. ಹುಡುಕಲು ಬೇಕಾದದ್ದು ಒಂದು ಪ್ರಶ್ನೆ. ‘ರಾತ್ರಿ ಯಾಕೆ ಎತ್ತಿದಿರಿ?’ ಎಂಬುದು ಪ್ರಶ್ನೆಯ ವೇಷದ ಆಪಾದನೆ. ‘ಈಗ ಯಾವ ಬ್ಲಾಕಿಗೆ ನೀರು ಹಾಯಿಸುತ್ತಿದ್ದೀರಿ, ಇನ್ನೆಷ್ಟು ದಿನ ಬೇಕು?’ ಎಂದು ಕೇಳಿದರೆ ಎದುರಿನವರು ಲೆಕ್ಕ ಹೇಳುತ್ತಾರೆ. ಲೆಕ್ಕದ ಮಾತಿಗೆ ಇಳಿದ ಇಬ್ಬರು ಬೆಳೆಗಾರರು ಜಗಳವಾಡುವುದು ಕಷ್ಟ.

ಐದು ಬಗೆ, ನಮಗೆ ಪ್ರಿಯವಾದದ್ದು ಒಂದು

ಅಮೆರಿಕದ ಆಡಳಿತಶಾಸ್ತ್ರಜ್ಞರಾದ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ 1974ರಲ್ಲಿ ಜನ ಸಂಘರ್ಷವನ್ನು ಎದುರಿಸುವ ಬಗೆಗಳನ್ನು ಐದಾಗಿ ವಿಂಗಡಿಸಿದರು. ಅಳತೆಗೋಲು ಎರಡು: ನನ್ನ ಕೆಲಸ ಆಗಬೇಕೆಂಬ ಹಟ ಎಷ್ಟು, ಎದುರಿನವರ ಕೆಲಸವೂ ಆಗಲಿ ಎಂಬ ಕಾಳಜಿ ಎಷ್ಟು. ಹಟ ಮಾತ್ರ ಇದ್ದರೆ ಅದು ಪೈಪೋಟಿ. ಕಾಳಜಿ ಮಾತ್ರ ಇದ್ದರೆ ಬಿಟ್ಟುಕೊಡುವುದು. ಎರಡೂ ಮಧ್ಯಮವಾಗಿದ್ದರೆ ರಾಜಿ. ಎರಡೂ ಹೆಚ್ಚಿದ್ದರೆ ಕೂಡಿ ದಾರಿ ಹುಡುಕುವುದು. ಎರಡೂ ಇಲ್ಲದಿದ್ದರೆ ತಪ್ಪಿಸಿಕೊಳ್ಳುವುದು. ಇವುಗಳಲ್ಲಿ ಯಾವುದೂ ಸ್ವತಃ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ. ಹಾವು ಕಚ್ಚಿದವನನ್ನು ಜೀಪಿಗೆ ಹತ್ತಿಸುವಾಗ ಕೂಡಿ ದಾರಿ ಹುಡುಕುತ್ತಾ ಕೂರಲಾಗದು, ಒಬ್ಬರು ಜೋರು ಮಾಡಬೇಕು. ಸಣ್ಣಪುಟ್ಟದ್ದಕ್ಕೆ ಬಿಟ್ಟುಕೊಡುವುದೇ ಲೇಸು.

ಮಲೆನಾಡಿನವರಿಗೆ ಕೈಬಂದ ಬಗೆ ಮಾತ್ರ ತಪ್ಪಿಸಿಕೊಳ್ಳುವುದು. ಮನೆಗಳು ದೂರದೂರ, ನಡುವೆ ತೋಟ. ಮಾತು ಬಿಟ್ಟು ಹತ್ತು ವರ್ಷ ಬದುಕುವುದು ಇಲ್ಲಿ ಸುಲಭ. ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸಿದರಾಯಿತು, ಮದುವೆಯ ಕರೆಯೋಲೆ ಕಳಿಸದಿದ್ದರಾಯಿತು. ಇದನ್ನು ನಾವು ಗಾಂಭೀರ್ಯ ಎಂದೂ ಕರೆದುಕೊಳ್ಳುತ್ತೇವೆ. ಸಿಟ್ಟು ಇಳಿಯುವ ತನಕ ದೂರ ಇರುವುದು ಬೇರೆ, ದೂರವನ್ನೇ ಉತ್ತರ ಮಾಡಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಹಳ್ಳದ ಪ್ರಶ್ನೆ ಹಾಗೇ ಉಳಿದು ಮುಂದಿನ ಫೆಬ್ರವರಿಗೆ ಬಡ್ಡಿ ಸೇರಿಸಿಕೊಂಡು ಬರುತ್ತದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಾತು ಬಲ್ಲವನಿಗೂ ಜಗಳ ಇರುತ್ತದೆ, ಬೇಗ ಮುಗಿಯುತ್ತದೆ ಅಷ್ಟೆ.

ಬಿಟ್ಟುಕೊಡುವುದರ ಬಗ್ಗೆಯೂ ಒಂದು ಮಾತು. ಯಾರು ಬಿಟ್ಟುಕೊಡುತ್ತಾರೆ ಎಂದು ನೋಡಿದರೆ ಬಹುಪಾಲು ಮನೆಗಳಲ್ಲಿ ಹೆಣ್ಣುಮಕ್ಕಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳಿದೆ. ಕರ್ನಾಟಕ ಕೆಲವು ಮಿತಿಗಳೊಂದಿಗೆ 1994ರಲ್ಲೇ ಕೊಟ್ಟಿತ್ತು. ಆದರೂ ತವರಿನ ಬಾಗಿಲು ಮುಚ್ಚದಿರಲೆಂದು ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾರೆ. “ಅಣ್ಣ ಕೇಳಿದ, ಕೊಟ್ಟೆ” ಎನ್ನುತ್ತಾರೆ. ಮನೆಯಲ್ಲಿ ಜಗಳವೇ ಇಲ್ಲ ಎಂದು ಅಣ್ಣ ಹೆಮ್ಮೆಪಡುತ್ತಾನೆ. ಜಗಳದ ಬೆಲೆಯನ್ನು ಒಬ್ಬರೇ ತೆತ್ತಿದ್ದಾರೆಂಬುದು ಆ ಶಾಂತಿಯಲ್ಲಿ ಕಾಣುವುದಿಲ್ಲ.

ಬಹುವಚನ ಬಿದ್ದ ಮೇಲೆ

ದಂಪತಿಗಳ ಜಗಳವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್ಮನ್ ಸಂಬಂಧ ಕೆಡಿಸುವ ನಾಲ್ಕು ನಡತೆಗಳನ್ನು ಗುರುತಿಸಿದರು: ವ್ಯಕ್ತಿಯನ್ನೇ ಹಳಿಯುವುದು, ತಿರಸ್ಕಾರ, ಸಮರ್ಥನೆಗೆ ಇಳಿಯುವುದು, ಕಲ್ಲಿನ ಹಾಗೆ ಮೌನವಾಗುವುದು. ಇವುಗಳಲ್ಲಿ ತಿರಸ್ಕಾರವೇ ಅತ್ಯಂತ ವಿಷಕಾರಿ ಎಂಬುದು ಅವರ ಅಭಿಪ್ರಾಯ. ನಮ್ಮಲ್ಲಿ ತಿರಸ್ಕಾರ ಮೊದಲು ಕಾಣಿಸುವುದು ವ್ಯಾಕರಣದಲ್ಲಿ. ದಂಡೆಯ ಮೇಲಿನ ಆ ಸಂಭಾಷಣೆಯಲ್ಲಿ ‘ಗೌಡರೇ, ನೀವು’ ಎಂದು ಶುರುವಾದದ್ದು ‘ನೀನು’ ಎಂಬಲ್ಲಿಗೆ ಬಂದು ನಿಂತಿತು. ಆಮೇಲೆ ಪಂಚಾಯಿತಿಯಲ್ಲಿ ಕೇಳಿಬರುವ ದೂರು ನೀರಿನದ್ದಲ್ಲ, “ಏಕವಚನದಲ್ಲಿ ಮಾತಾಡಿದರು” ಎಂಬುದು. ಸಿಟ್ಟಿನ ಮಾತನ್ನೂ ಬಹುವಚನದಲ್ಲೇ ಆಡಬಲ್ಲವರ ಜಗಳ ಅರ್ಧ ದೂರದಲ್ಲೇ ನಿಲ್ಲುತ್ತದೆ.

ಹಳಿಯುವುದಕ್ಕೂ ದೂರಿಗೂ ಇರುವ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು. ‘ನಿಮಗೆ ಯಾವಾಗಲೂ ನಿಮ್ಮದೇ ನಡೆಯಬೇಕು’ ಎಂದರೆ ಅದು ಮನುಷ್ಯನ ಮೇಲೆ. ‘ನಿನ್ನೆ ರಾತ್ರಿ ನನ್ನ ಮೋಟಾರು ಗಾಳಿ ಎಳೆಯಿತು, ಮೂರು ಎಕರೆ ಬಾಕಿ ಉಳಿಯಿತು’ ಎಂದರೆ ಅದು ಘಟನೆಯ ಮೇಲೆ. ಇನ್ನೂ ಒಂದು: ಜಗಳದ ಮಧ್ಯೆ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು ಎನ್ನುತ್ತಾರೆ ಗಾಟ್ಮನ್. ಬಿಡುವಿನಲ್ಲಿ ಮುಂದಿನ ಬೈಗುಳ ಹೊಂದಿಸುತ್ತಾ ಕೂತರೆ ಅದು ಬಿಡುವಲ್ಲ.

ಕಚೇರಿ, ಸಹಕಾರ ಸಂಘಗಳಲ್ಲಿ ಕೆಲಸದ ಬಗೆಗಿನ ವಾದ ಒಳ್ಳೆಯದು, ವ್ಯಕ್ತಿಗಳ ನಡುವಿನ ಜಗಳ ಕೆಟ್ಟದ್ದು ಎಂಬ ಮಾತು ಪ್ರಚಲಿತ. ಸಂಶೋಧಕಿ ಕ್ಯಾರನ್ ಜೆನ್ 1995ರಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದ್ದರು. ಆದರೆ 2003ರಲ್ಲಿ ಸಂಶೋಧಕರಾದ ಡಿ ಡ್ರೂ ಮತ್ತು ವೈನ್‌ಗಾರ್ಟ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿಯಲ್ಲಿ ಎರಡೂ ಕೆಲಸಕ್ಕೆ ತೊಡಕಾಗಿಯೇ ಕಂಡವು. ಡೇರಿಯ ಸಭೆಯಲ್ಲಿ ಹಾಲಿನ ಪರೀಕ್ಷೆಯ ಕ್ರಮದ ಬಗ್ಗೆ ಶುರುವಾದ ವಾದ ಕಾರ್ಯದರ್ಶಿಯ ನಿಯತ್ತಿಗೆ ಹೊರಳಲು ಎಷ್ಟು ನಿಮಿಷ ಬೇಕು?

ಮೂರನೆಯವರು

ಆಸ್ಟ್ರಿಯದ ಸಂಘರ್ಷ ತಜ್ಞ ಫ್ರೀಡ್ರಿಕ್ ಗ್ಲಾಸಲ್ ಸಂಘರ್ಷ ಏರುವ ಒಂಬತ್ತು ಮೆಟ್ಟಿಲುಗಳನ್ನು ಗುರುತಿಸಿದ್ದಾರೆ, ಏರುವುದು ಎನ್ನುವುದಕ್ಕಿಂತ ಕೆಳಗಿಳಿಯುವುದು ಎಂಬಂತೆ ಚಿತ್ರಿಸಿದ್ದಾರೆ. ಮೊದಲ ಮೂರರಲ್ಲಿ ಇಬ್ಬರೂ ಗೆಲ್ಲಬಹುದು. ನಡುವಿನ ಮೂರರಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು: ಜನ ಕಟ್ಟುವುದು, ಮುಖಭಂಗ ಮಾಡುವುದು, ಬೆದರಿಕೆ. ಕೊನೆಯ ಮೂರರಲ್ಲಿ ‘ನನಗೆ ನಷ್ಟವಾದರೂ ಸರಿ, ಅವನಿಗೆ ಹೆಚ್ಚಾಗಲಿ’ ಎಂಬ ಲೆಕ್ಕ. ರಾತ್ರೋರಾತ್ರಿ ಯಾರದೋ ಪೈಪ್ ತುಂಡಾಗಿ ಬಿದ್ದಿದ್ದರೆ ಜಗಳ ಅಲ್ಲಿಗೆ ತಲುಪಿದೆ ಎಂದರ್ಥ. ಮೊದಲ ಮೆಟ್ಟಿಲುಗಳಲ್ಲಿ ಇಬ್ಬರೇ ಕೂತು ಮಾತಾಡಬಹುದು. ಆಮೇಲೆ ಮೂರನೆಯವರು ಬೇಕೇ ಬೇಕು.

ಊರಿನ ಹಿರಿಯರು ಸಾಮಾನ್ಯವಾಗಿ ಎರಡು ಕಡೆಯ ಮಾತು ಕೇಳಿ ತೀರ್ಪು ಕೊಟ್ಟುಬಿಡುತ್ತಾರೆ. ಮಧ್ಯಸ್ಥಿಕೆಯ ಕೆಲಸ ಅದಲ್ಲ. ಮಧ್ಯಸ್ಥಗಾರ ತೀರ್ಪು ಕೊಡುವುದಿಲ್ಲ, ಇಬ್ಬರೂ ತಮ್ಮ ಅಗತ್ಯ ಹೇಳುವ ಹಾಗೆ ಮಾಡುತ್ತಾನೆ, ಒಪ್ಪಂದ ಅವರದ್ದೇ. ಕೋರ್ಟ್ ಕಟ್ಟೆ ಹತ್ತಿದವರಿಗೂ ಈ ದಾರಿ ಇದೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು ನ್ಯಾಯಾಲಯವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಲು ಅವಕಾಶ ಕೊಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ಗೆ ದಾವೆ ಹೂಡುವ ಮೊದಲೇ ಹೋಗಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ದಾವೆಗೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುವವರಿಗೆ ಇದು ಉಪಯೋಗದ ಸುದ್ದಿ.

ಮಾತಿಗೆ ಕೂರುವ ಮೊದಲು, ಮಾತು ಮುರಿದರೆ ನನ್ನ ಬಳಿ ಏನಿದೆ ಎಂದು ನೋಡಿಕೊಳ್ಳಬೇಕು. ಫಿಷರ್ ಮತ್ತು ಯೂರಿ ಇದಕ್ಕೆ ಬಹಳ ಒತ್ತು ಕೊಟ್ಟರು. ಕೆಳಗಿನ ತೋಟದಲ್ಲಿ ಮಳೆಗಾಲದಲ್ಲಿ ತುಂಬಿಸಿಟ್ಟ ಒಂದು ಕೃಷಿ ಹೊಂಡವಿದ್ದರೆ ಅವರ ದನಿಯೇ ಬೇರೆಯಾಗುತ್ತದೆ. ಕೈಯಲ್ಲಿ ಏನೂ ಇಲ್ಲದವರು ಎಷ್ಟು ಚೆನ್ನಾಗಿ ಮಾತಾಡಿದರೂ ಕೊನೆಗೆ ಕೊಟ್ಟದ್ದನ್ನು ತೆಗೆದುಕೊಂಡು ಏಳುತ್ತಾರೆ.

ಇದೇ ಕಾರಣಕ್ಕೆ ಮೇಲೆ ಹೇಳಿದ್ದೆಲ್ಲ ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ತೋಟದ ಲೈನ್ ಮನೆಯಲ್ಲಿರುವ ಕೂಲಿಕಾರ್ಮಿಕರು ಬಾಕಿ ಕೂಲಿಗಾಗಿ ಮಾಲೀಕರೆದುರು ನಿಂತಾಗ ‘ಇಬ್ಬರೂ ಮನಬಿಚ್ಚಿ ಮಾತಾಡಿ’ ಎನ್ನುವುದು ಅನ್ಯಾಯ. ಮಾತು ಕೆಟ್ಟರೆ ಒಬ್ಬರ ಸಂಜೆ ಕೆಡುತ್ತದೆ, ಇನ್ನೊಬ್ಬರ ಸೂರೇ ಹೋಗುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣಿಗೆ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಹೇಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಹೊಡೆತ ನಿಭಾಯಿಸಬೇಕಾದ ಸಂಘರ್ಷವಲ್ಲ. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಸಹಾಯವಾಣಿ ಇದೆ. 1987ರ ಅದೇ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು ಅರ್ಹರು. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ.